ಎರಡು ಸಾವಿರದ ಮುನ್ನೂರ ಹತ್ತು ಪೌಂಡ್

ಆಲ್ಡರ್ ಬೆಂಚ್, ಮೊಂಟಾನಾ
ಏಪ್ರಿಲ್ 20, 2009

ನೋರೀನ್,

ಈಸ್ಟರ್ ಊಟದ ದಿನ ನೀನು ಬಿಟ್ಟುಹೋದ ಪೈ ತಟ್ಟೆಯನ್ನು ತೊಳೆದು ಇಟ್ಟಿದ್ದೇನೆ. ಮುಂದಿನ ಸಲ ಬಂದಾಗ ತೆಗೆದುಕೊಂಡು ಹೋಗು. ಈ ಕಾಗದ ಅದಕ್ಕಾಗಿ ಅಲ್ಲ.

ಲೈಲ್ ಕೊಂಡಿರುವ ಆ ಕ್ಯಾಂಪರ್ ವಿಷಯ ಬರೆಯುತ್ತಿದ್ದೇನೆ. ಅವನಿಗೇ ಬರೆಯಬಹುದಿತ್ತು. ನನ್ನ ಮಗ ನನ್ನ ಕಾಗದ ಒಡೆಯುವುದಿಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಸೊಸೆಯಾದವಳು ಒಡೆದು ಓದುತ್ತಾಳೆ ಎಂದು ನಂಬಿದ್ದೇನೆ.

ಎಲ್ಲರೂ ಮೇಜಿಗೆ ಕೂತು ಹಂದಿಮಾಂಸ ಬಡಿಸಿಕೊಳ್ಳುತ್ತಿದ್ದಾಗ ನಾನು ಎದ್ದು ಹೊರಗೆ ಹೋದೆನಲ್ಲ, ಕಾಫಿಗೆ ಕೆನೆ ತರಲು ಎಂದು ನೀವೆಲ್ಲ ಅಂದುಕೊಂಡಿರಿ. ನಾನು ಹೋದದ್ದು ನಿಮ್ಮ ಪಿಕಪ್ಪಿನ ಹಿಂದಿನ ಟೈರು ನೋಡಲು. ಮಂಚ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲ ತುಂಬಿದ ಆ ಪೆಟ್ಟಿಗೆಮನೆ ಗಾಡಿಯ ಬೆನ್ನೇರಿ ಕೂತ ರೀತಿ ನನಗೆ ಸರಿಬರಲಿಲ್ಲ. ಟೈರಿನ ಪಕ್ಕೆ ಉಬ್ಬಿತ್ತು. ಚಾಲಕನ ಬಾಗಿಲು ತೆಗೆದು ಕಾರ್ಖಾನೆಯವರು ಅಲ್ಲಿ ಅಂಟಿಸಿದ ಹಳದಿ ಚೀಟಿ ಓದಿದೆ. ಜನ ಮತ್ತು ಸಾಮಾನು ಸೇರಿ 2,310 ಪೌಂಡ್ ಮೀರಬಾರದು ಎಂದಿದೆ. ಜನ ಸೇರಿ ಎಂಬುದನ್ನು ಗಮನಿಸು.

ಆಮೇಲೆ ಲೈಲನನ್ನು ಕೇಳಿದೆ, "ನಿನ್ನ ಪೆಟ್ಟಿಗೆ ಎಷ್ಟು ತೂಗ್ತದೆ?"

"ಎರಡು ಸಾವಿರದ ಇನ್ನೂರ ನಲವತ್ತು, ಅಮ್ಮ. ಅವ್ರು ಕೊಟ್ಟ ಪುಸ್ತಕದಲ್ಲೇ ಇದೆ. ಇನ್ನೂ ಎಪ್ಪತ್ತು ಪೌಂಡ್ ಉಳೀತದೆ."

"ನಿನ್ನ ಹೆಂಡ್ತಿ ಎಪ್ಪತ್ತೇ ಪೌಂಡಾ?" ಎಂದೆ. ಅವನ ಅಣ್ಣ ಆರ್ಲನ್ ನಕ್ಕ. ಲೈಲ್ ನಗಲಿಲ್ಲ. ನೀನು ತಟ್ಟೆ ನೋಡುತ್ತಿದ್ದೆ.

ಮಾರುವವರು ಪುಸ್ತಕದಲ್ಲಿ ಬರೆಯುವುದು ಒಣ ತೂಕ. ಅದರಲ್ಲಿ ನೀರಿಲ್ಲ, ಗ್ಯಾಸಿಲ್ಲ, ಬ್ಯಾಟರಿ ಇಲ್ಲ, ಒಂದು ಚಮಚವೂ ಇಲ್ಲ. ಒಂದು ಗ್ಯಾಲನ್ ನೀರು ಎಂಟೂಕಾಲು ಪೌಂಡ್ ಮೀರುತ್ತದೆ. "ಹೋಗೋ ಮುಂಚೆ ಲಾರಿ ತೂಗೋ ನಮ್ಮ ತೂಕದ ಕಟ್ಟೆ ಮೇಲೆ ಹತ್ತಿಸು, ಎರಡು ನಿಮಿಷದ ಕೆಲ್ಸ" ಎಂದೆ. "ನಾನೇನು ಗೋಧಿ ಲೋಡಾ ಅಮ್ಮ? ಬೇಸಿಗೆ ರಜಕ್ಕೆ ಮೀನು ಹಿಡಿಯೋಕೆ ಹೊರಟಿದ್ದೀನಿ" ಎಂದು ಹೇಳಿ ಕಟ್ಟೆಯ ಪಕ್ಕದಿಂದ ಗಾಡಿ ಓಡಿಸಿಕೊಂಡು ಹೋದ. ನಲವತ್ತೊಂದು ವರ್ಷ ಈ ಸೀಮೆಯ ಗೋಧಿ, ಬಾರ್ಲಿ ಎಲ್ಲ ನಮ್ಮ ಧಾನ್ಯದ ಅಂಗಡಿಯ ಮುಂದೆ ನನ್ನ ಕಣ್ಣೆದುರು ತೂಗಿ ಹೋಗಿದೆ. ನನ್ನ ತೂಕವನ್ನು ಪ್ರಶ್ನಿಸಿದವರಿಲ್ಲ. ನನ್ನ ಮಗನ ಗಾಡಿ ಮಾತ್ರ ಕಟ್ಟೆ ಹತ್ತಲಿಲ್ಲ.

ನಿಮ್ಮ ಊರಲ್ಲಿ ಜಲ್ಲಿ ಕ್ವಾರಿ ಇದೆ, ಅಲ್ಲಿ ತೂಕದ ಕಟ್ಟೆ ಇರುತ್ತದೆ. ಹೊರಡುವ ದಿನ ಹೇಗೆ ತುಂಬುತ್ತೀರೋ ಹಾಗೇ ತುಂಬಿ, ನೀವಿಬ್ಬರೂ ನಾಯಿಯೂ ಕೂತು ತೂಗಿಸಿ. ಚೀಟಿ ನನಗೆ ಕಳಿಸು.

ಅಲ್ಮಾ ಟ್ವೆಟನ್


ಅಂಚೆ ಪೆಟ್ಟಿಗೆ 88
ಕ್ಲಿಯರ್‌ವಾಟರ್ ನದಿ ಸೀಮೆ, ಇದಾಹೋ
ಮೇ 2, 2009

ಪ್ರೀತಿಯ ಅತ್ತೆ,

ನಿಮ್ಮ ಕಾಗದ ತಲುಪಿತು. ಊಟ ತುಂಬ ಚೆನ್ನಾಗಿತ್ತು. ನೀವು ಕಟ್ಟಿಕೊಟ್ಟ ಆಲೂಗಡ್ಡೆ ರೊಟ್ಟಿಯನ್ನು ಲೈಲ್ ಮೂರು ದಿನ ಬೆಣ್ಣೆ ಸಕ್ಕರೆ ಹಚ್ಚಿಕೊಂಡು ತಿಂದ. ನಿಮಗೆ ಹೇಳಬೇಡ ಎಂದಿದ್ದಾನೆ, ಹೇಳುತ್ತಿದ್ದೇನೆ.

ಗಾಡಿಯ ಬಗ್ಗೆ ನೀವು ಚಿಂತಿಸಬೇಡಿ. ಇಲ್ಲಿಗೆ ಬಂದ ಮೇಲೆ ಲೈಲ್ ಹಿಂದಿನ ಸ್ಪ್ರಿಂಗ್ ಪಟ್ಟಿಗಳ ಮೇಲೆ ಗಾಳಿಚೀಲ ಹಾಕಿಸಿದ್ದಾನೆ. ಈಗ ಗಾಡಿ ನೆಟ್ಟಗೆ ನಿಲ್ಲುತ್ತದೆ, ಬಾಲ ಕುಸಿಯುವುದಿಲ್ಲ. ನದಿ ದಂಡೆಯಲ್ಲಿ ಪಕ್ಕದ ಕ್ಯಾಂಪರಿನವರು ಬಂದು ನೋಡಿ, "ಸಮ ಕೂತಿದೆ, ಯಾವ ಬೆಟ್ಟ ಬೇಕಾದ್ರೂ ಹತ್ತಿಸು" ಅಂದರು. ಇಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಇದೇ ಅಳತೆಯ ಗಾಡಿಯ ಮೇಲೆ ಇನ್ನೂ ದೊಡ್ಡದನ್ನು ಹೊತ್ತವರಿದ್ದಾರೆ.

ಒಂದು ಮಾತು ಕೇಳಲೇ? ಮಾವನವರ ಜೋಡಿಚಕ್ರದ ದೊಡ್ಡ ಪಿಕಪ್ ಷೆಡ್ಡಿನಲ್ಲಿದೆಯಲ್ಲ, ಅದನ್ನು ಈಗ ಯಾರಾದರೂ ಓಡಿಸುತ್ತಾರಾ? ಸುಮ್ಮನೆ ಕೇಳಿದೆ. ಲೈಲ್ ಅದರ ಬಗ್ಗೆ ಮಾತಾಡುತ್ತಿದ್ದ.

ನಿಮ್ಮ,
ನೋರೀನ್


ಆಲ್ಡರ್ ಬೆಂಚ್
ಮೇ 9, 2009

ನೋರೀನ್,

ಗಾಳಿಚೀಲ ಬಾಲವನ್ನು ಎತ್ತುತ್ತದೆ. ಟೈರಿಗೆ, ಆಕ್ಸಲ್‌ಗೆ ಬಲ ಕೊಡುವುದಿಲ್ಲ. ಭಾರ ಎಷ್ಟಿತ್ತೋ ಅಷ್ಟೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಬಾಲ ಕುಸಿದಿದ್ದರೆ ಕಂಡವರಾದರೂ ಎಚ್ಚರಿಸುತ್ತಿದ್ದರು. ಈಗ ಆ ಎಚ್ಚರಿಕೆಯನ್ನೂ ದುಡ್ಡು ಕೊಟ್ಟು ತೆಗೆಸಿಕೊಂಡಿದ್ದೀರಿ. ಈ ದೇಶದ ಗಂಡಸರೆಲ್ಲ ಗಾಡಿಯನ್ನು ನಿಂತ ಭಂಗಿ ನೋಡಿ ಅಳೆಯುತ್ತಾರೆ. ನನ್ನ ಕಟ್ಟೆಗೆ ಬರುವವರೂ ಹಾಗೇ. "ಸಮ ಇದೆ ಅಲ್ಮಾ, ನೋಡು" ಎನ್ನುತ್ತಾರೆ. ಮುಳ್ಳು ಬೇರೆ ಹೇಳುತ್ತದೆ.

ನಿನ್ನ ಲಕೋಟೆಯ ಮೇಲೆ ಮನೆ ವಿಳಾಸದ ಬದಲು ಅಂಚೆ ಪೆಟ್ಟಿಗೆ ನಂಬರು ಇದೆ. ಅಂಚೆಯವನು ನಿಮ್ಮ ಬೀದಿಗೆ ಬರುವುದನ್ನು ಬಿಟ್ಟನೇ?

ಹಾಲ್ವರ್‌ನ ಪಿಕಪ್ ವಿಷಯ ಕೇಳಿದ್ದೀಯ. ಅದು ಈ ಜಾಗಕ್ಕೆ ಸೇರಿದ್ದು. ಈ ಜಾಗದಲ್ಲಿ ಉಳಿದವರಿಗೆ ಸೇರಿದ್ದು. ಲೈಲ್ ಹನ್ನೊಂದು ವರ್ಷದ ಹಿಂದೆ ಇದೇ ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ಊರವರ ಗೋಧಿ ತೂಗ್ತಾ ಧೂಳು ತಿನ್ಕೊಂಡು ಸಾಯೋಕೆ ನಂಗಾಗಲ್ಲ" ಅಂತ ತಂದೆಯ ಎದುರು ಹೇಳಿದ. ಹಾಲ್ವರ್ ಏನೂ ಅನ್ನಲಿಲ್ಲ. ಸಾಯುವ ತನಕ ಅವನು ಯಾರಿಗೂ ಏನೂ ಅಂದವನಲ್ಲ. ನಾನು ಅಂದೆ. ಅಂದದ್ದನ್ನು ಬದಲಿಸುವ ಅಭ್ಯಾಸ ನನಗಿಲ್ಲ. ಆರ್ಲನ್ ಉಳಿದ, ಅವನ ಹೆಂಡತಿ ಮಕ್ಕಳು ಉಳಿದರು. ಅವರೆಲ್ಲ ಧೂಳು ತಿನ್ನುತ್ತಲೇ ಇದ್ದಾರೆ, ಯಾರೂ ಸತ್ತಿಲ್ಲ.

ತೂಗಿಸಿ ಚೀಟಿ ಕಳಿಸು. ಏನೇನು ತುಂಬಿದ್ದೀರಿ ಎಂಬ ಪಟ್ಟಿಯನ್ನೂ ಕಳಿಸು.

ಅಲ್ಮಾ ಟ್ವೆಟನ್


ಅಂಚೆ ಪೆಟ್ಟಿಗೆ 88, ಇದಾಹೋ
ಮೇ 28, 2009

ಪ್ರೀತಿಯ ಅತ್ತೆ,

ತೂಗಿಸಿದೆ. ಲೈಲ್‌ಗೆ ಗ್ಯಾಸ್ ತುಂಬಿಸೋಣ ಎಂದು ಹೇಳಿ ಕ್ವಾರಿಯ ಕಡೆ ತಿರುಗಿಸಿದೆ. ಅಲ್ಲಿಯ ಹೆಂಗಸು ದುಡ್ಡು ತೆಗೆದುಕೊಳ್ಳಲಿಲ್ಲ. "ನಿಮ್ಮಂಥೋರು ದಿನಾ ಇಬ್ಬರು ಬರ್ತಾರೆ. ಚೀಟಿ ನೋಡಿ ಬೈಕೊಂಡು ಹೋಗ್ತಾರೆ. ಯಾರೂ ಏನೂ ಇಳಿಸಲ್ಲ" ಅಂದಳು.

ಚೀಟಿ ಇಟ್ಟಿದ್ದೇನೆ. ಗಾಡಿಯ ತೂಕವೂ ಸೇರಿ ಒಟ್ಟು 11,240. ಬಾಗಿಲಲ್ಲಿ ಬರೆದ ಮಿತಿ 9,200. ಹಿಂದಿನ ಆಕ್ಸಲ್ ಮೇಲೆ 7,480. ಎರಡು ಟೈರು ಸೇರಿ ಹೊರುವುದು 6,390 ಎಂದು ಟೈರಿನ ಮೇಲೇ ಇದೆ. ಲೈಲ್ ಚೀಟಿಯನ್ನು ಎರಡು ಸಲ ಓದಿದ. ಆಮೇಲೆ "ಅಮ್ಮನ ಕೆಲ್ಸ ಅಲ್ವಾ ಇದು?" ಎಂದ. ನಾನು ಅಲ್ಲ ಎಂದೆ.

ನೀವು ಕೇಳಿದ ಪಟ್ಟಿ. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಒಂದೊಂದಾಗಿ ಇಟ್ಟು ನೋಡಿದೆ. ಲೈಲ್‌ನ ಉಪಕರಣಗಳು 262. ಜನರೇಟರ್ 130. ಹಣ್ಣು ಕೆಡದಂತೆ ಹಾಕಿಡುವ ಗಾಜಿನ ಜಾಡಿಗಳು 72. ಪುಸ್ತಕ, ಫೋಟೋ 66. ಚಳಿಗಾಲದ ಕೋಟು, ಬೂಟು 58. ಪಿಂಗಾಣಿ ತಟ್ಟೆಗಳು 54. ಹೊಲಿಗೆ ಯಂತ್ರ 41. ರಜಾಯಿಗಳು 40. ಕಬ್ಬಿಣದ ಬಾಣಲೆಗಳು 35. ನಾಯಿಯ ಆಹಾರ 20. ಮೀನು ಹಿಡಿಯುವ ಸಾಮಾನು 12. ಲೈಲ್ 210, ನಾನು 148, ನಾಯಿ ಟಿಪ್ 57. ಮಿಕ್ಕಿದ್ದೆಲ್ಲ ಕ್ಯಾಂಪರ್, ತೊಟ್ಟಿ ತುಂಬ ನೀರು ಸೇರಿ.

ಇದರಲ್ಲಿ ಏನು ತೆಗೆಯಬೇಕೋ ನನಗೆ ತಿಳಿಯುತ್ತಿಲ್ಲ. ನೀವೇ ಹೇಳಿ.

ನೋರೀನ್


ಆಲ್ಡರ್ ಬೆಂಚ್
ಜೂನ್ 7, 2009

ನೋರೀನ್,

ಹೇಳು ಎಂದಿದ್ದೀಯ, ಹೇಳುತ್ತೇನೆ.

ಹೊಲಿಗೆ ಯಂತ್ರ ತೆಗೆ. ಮೀನಿಗೆ ಅಂಗಿ ಹೊಲಿಯುವುದಿಲ್ಲ. ಜಾಡಿಗಳನ್ನು ತೆಗೆ. ಪಿಂಗಾಣಿ ತಟ್ಟೆ ತೆಗೆ, ನದಿ ದಂಡೆಯಲ್ಲಿ ತಗಡಿನ ತಟ್ಟೆ ಸಾಕು. ಪುಸ್ತಕ ತೆಗೆ. ಜನರೇಟರ್ ತೆಗೆ, ಕತ್ತಲಾದ ಮೇಲೆ ಮಲಗಿ. ಇದು ಜೂನ್ ತಿಂಗಳು, ಕೋಟು ಬೂಟು ತೆಗೆ. ರಜಾಯಿ ಒಂದು ಸಾಕು. ರಜಕ್ಕೆ ಹೊರಟ ಗಂಡಸಿಗೆ ಒಂದು ಸ್ಪ್ಯಾನರ್, ಒಂದು ಸುತ್ತಿಗೆ ಸಾಕು, ಇನ್ನೂರ ನಲವತ್ತೆರಡು ಪೌಂಡ್ ಉಪಕರಣ ಇಳಿಸು. ನೀರನ್ನು ತೊಟ್ಟಿ ತುಂಬ ಹೊರಬೇಡಿ, ಹತ್ತು ಗ್ಯಾಲನ್ ಇಟ್ಟುಕೊಂಡು ಉಳಿದದ್ದು ಹೋದ ಕಡೆ ತುಂಬಿ. ಮೀನು ಹಿಡಿಯಲು ಹೊರಟವರ ಗಾಡಿಯಲ್ಲಿ ಮೀನಿನ ಸಾಮಾನು ಹನ್ನೆರಡೇ ಪೌಂಡ್ ಇದೆ. ಅದನ್ನು ಮಾತ್ರ ಇಟ್ಟುಕೊಳ್ಳಬಹುದು.

ಇಷ್ಟೆಲ್ಲ ಇಳಿಸಿದರೆ 938 ಪೌಂಡ್ ಕಡಿಮೆಯಾಗುತ್ತದೆ. ಆಗಲೂ 1,102 ಹೆಚ್ಚು. ಅಂದರೆ ಇದು ಸಾಮಾನಿನ ತಪ್ಪಲ್ಲ, ಜೋಡಿಯ ತಪ್ಪು. ಆ ಪೆಟ್ಟಿಗೆ ಆ ಗಾಡಿಗೆ ತಕ್ಕದ್ದಲ್ಲ. ಮೊದಲು ಹಳದಿ ಚೀಟಿ ಓದಿ, ಆಮೇಲೆ ಕ್ಯಾಂಪರ್ ಕೊಳ್ಳಬೇಕಿತ್ತು. ಲೈಲ್ ಯಾವತ್ತೂ ಉಲ್ಟಾ. ಕ್ಯಾಂಪರನ್ನು ಕೊಂಡ ಕಡೆಯೇ ಹಿಂದಿರುಗಿಸಿ, ನೆಟ್ಟಗೆ ಮನೆಗೆ ಹೋಗಿ.

ಊಟಕ್ಕೆ ಕೂತಾಗ ಆರ್ಲನ್ ನಿನ್ನ ಚೀಟಿ ತಿರುಗಿಸಿ ನೋಡಿ, "ಅಮ್ಮ, ಅಪ್ಪನ ಗಾಡಿ ಷೆಡ್ಡಲ್ಲಿ ಸುಮ್ನೆ ನಿಂತಿದೆ. ಇಲಿ ಗೂಡು ಕಟ್ತಿದೆ" ಎಂದ. "ಇಲಿಗೆ ವಿಷ ಇಡು" ಎಂದೆ.

ಅಲ್ಮಾ ಟ್ವೆಟನ್


ಒರೆಗಾನ್, ಜಲಾಶಯದ ದಂಡೆ
ಜುಲೈ 19, 2009

ಅತ್ತೆಗೆ,

ತಡವಾಗಿ ಬರೆಯುತ್ತಿದ್ದೇನೆ. ಬರೆಯಬಾರದು ಎಂದುಕೊಂಡಿದ್ದೆ.

ಹೊಲಿಗೆ ಯಂತ್ರವನ್ನು ಒಂದು ಚರ್ಚಿನ ಹೆಂಗಸರಿಗೆ ಕೊಟ್ಟೆ. ಜಾಡಿಗಳನ್ನೂ ಕೊಟ್ಟೆ. ಪುಸ್ತಕಗಳು ಹೋದವು, ಫೋಟೋಗಳನ್ನು ಇಟ್ಟುಕೊಂಡಿದ್ದೇನೆ. ಉಪಕರಣಗಳನ್ನು ಇಳಿಸಲು ಆಗುವುದಿಲ್ಲ. ಲೈಲ್ ಅವುಗಳಿಂದಲೇ ಅಲ್ಲಲ್ಲಿ ಬೇಲಿ, ಚಾವಣಿ, ಮೆಟ್ಟಿಲು ರಿಪೇರಿ ಮಾಡುತ್ತಾನೆ. ನಾವು ಊಟ ಮಾಡುತ್ತಿರುವುದು ಅದರಿಂದ. ಕೋಟು ಬೂಟು ಇಳಿಸುವುದಿಲ್ಲ, ಯಾಕೆಂದರೆ ಚಳಿಗಾಲ ಬರುವಾಗಲೂ ನಾವು ಇದರಲ್ಲೇ ಇರುತ್ತೇವೆ.

ಮನೆಗೆ ಹೋಗಿ ಎಂದು ಬರೆದಿದ್ದಿರಿ. ಮನೆ ಇಲ್ಲ. ಲೈಲ್ ಕೆಲಸಕ್ಕಿದ್ದ ಮರದ ಗಿರಣಿ ಜನವರಿಯಲ್ಲಿ ಮುಚ್ಚಿತು. ಮಾರ್ಚಿನಲ್ಲಿ ಮನೆ ಬಿಟ್ಟೆವು. ಕೈಯಲ್ಲಿ ಮಿಕ್ಕ ದುಡ್ಡಿಗೆ ಈ ಕ್ಯಾಂಪರ್ ಬಂತು. ಯಾರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೆ ನಾವು ಮಲಗುವುದೆಲ್ಲಿ?

ಈಸ್ಟರ್‌ಗೆ ನಾವು ಹಂದಿಮಾಂಸಕ್ಕಾಗಿ ಬರಲಿಲ್ಲ ಅತ್ತೆ. ಕೇಳಲು ಬಂದಿದ್ದೆವು. ಅಂಗಡಿಯ ಮೇಲಿನ ಕೋಣೆ, ಕೆಲಸ ಸಿಗುವ ತನಕ. ಅದಾಗದಿದ್ದರೆ ಮಾವನವರ ಪಿಕಪ್. ದಾರಿಯುದ್ದಕ್ಕೂ ಲೈಲ್ ಹೇಗೆ ಕೇಳಬೇಕೆಂದು ಹೇಳಿಕೊಳ್ಳುತ್ತಲೇ ಇದ್ದ. ಊಟಕ್ಕೆ ಮುಂಚೆ ಷೆಡ್ಡಿಗೆ ಹೋಗಿ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ನೀವು ಕೆನೆ ಹಿಡಿದು ಒಳಗೆ ಬಂದಿರಿ. ಕೂರುವ ಮೊದಲೇ, ಎಲ್ಲರೆದುರಿಗೆ, ಯಾರೂ ಕೇಳದೆ, "ಹೋದವರ ಜೊತೆ ಈ ಜಾಗದ್ದು ಒಂದು ಮೊಳೆನೂ ಹೋಗಲ್ಲ, ಎಲ್ರಿಗೂ ನೆನಪಿರ್ಲಿ" ಅಂದಿರಿ. ಲೈಲ್ ತಟ್ಟೆಗೆ ಆಲೂಗಡ್ಡೆ ಹಾಕಿಕೊಂಡು, "ನಾವು ಬೇಸಿಗೆಗೆ ಮೀನು ಹಿಡಿಯೋಕೆ ಹೋಗ್ತಿದ್ದೀವಿ" ಎಂದ. ನನಗೂ ಆಗಲೇ ಗೊತ್ತಾದದ್ದು.

ಅವನು ಹೇಳಬೇಡ ಎಂದು ಆಣೆ ಮಾಡಿಸಿದ್ದ. ಮುರಿದಿದ್ದೇನೆ. ನಿಮಗೆ ಗೊತ್ತಿಲ್ಲದ್ದರಿಂದ ಹಾಗೆಲ್ಲ ಬರೆದಿರಿ ಎಂದು ನನಗೆ ಅರ್ಥವಾಗುತ್ತದೆ. ಗೊತ್ತಿದ್ದರೆ ಬರೆಯುತ್ತಿರಲಿಲ್ಲ.

ನೋರೀನ್


ಆಲ್ಡರ್ ಬೆಂಚ್
ಜುಲೈ 27, 2009

ನೋರೀನ್,

ನನ್ನ ಮೇಜಿಗೆ ಕೂತು, ನನ್ನ ಉಪ್ಪು ತಿನ್ನುತ್ತ, ನನಗೇ ಸುಳ್ಳು ಹೇಳಿ ಹೋದಿರಿ. ಅದನ್ನು ಮೊದಲು ಬರೆದು ಮುಗಿಸುತ್ತೇನೆ.

ಇನ್ನು ಕೆಲಸದ ಮಾತು. ನಿನ್ನೆ ಹಾಲ್ವರ್‌ನ ಪಿಕಪ್ಪನ್ನು ಆರ್ಲನ್‌ನಿಂದ ಹೊರತೆಗೆಸಿ, ಟ್ಯಾಂಕ್ ತುಂಬಿಸಿ, ನಾನೇ ಕಟ್ಟೆಯ ಮೇಲೆ ತೂಗಿದೆ. ಅದರ ಮಿತಿಯಲ್ಲಿ ಅದರ ಸ್ವಂತ ತೂಕ ಕಳೆದರೆ 4,720 ಪೌಂಡ್ ಹೊರುತ್ತದೆ. ಹಿಂದೆ ನಾಲ್ಕು ಟೈರು, ಮುಂದೆ ಎರಡು, ಆರೂ ಹೊಸವು. ನಿಮ್ಮದು ಮೇ ತಿಂಗಳಲ್ಲಿ ಜನ, ನಾಯಿ, ನೀರು, ಜಾಡಿ, ಹೊಲಿಗೆ ಯಂತ್ರ ಎಲ್ಲ ಸೇರಿ 4,350 ಇತ್ತು. ನಿಮ್ಮ ಮನೆ ಇದರ ಮೇಲೆ ಕೂರುತ್ತದೆ. ಒಂದನ್ನೂ ಇಳಿಸದೆ ಕೂರುತ್ತದೆ. ಕ್ಯಾಂಪರನ್ನು ಗಾಡಿಯಿಂದ ಎತ್ತಿ ನಿಲ್ಲಿಸುವ ಕಾಲುಗಳು ಜೋಡಿಚಕ್ರದ ಉಬ್ಬಿಗೆ ತಾಗುತ್ತವೆ ಎಂದು ಆರ್ಲನ್ ಅವುಗಳನ್ನು ಅಗಲಿಸುವ ಕಬ್ಬಿಣದ ತೋಳುಗಳನ್ನು ಬೆಸುಗೆ ಹಾಕಿ ಇಟ್ಟಿದ್ದಾನೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಬೀಜದ ಮೂಟೆ ಇವೆ. ಅವನ್ನು ಬೇರೆ ಕಡೆ ಹಾಕಬಹುದು.

ಆದರೆ ಲೈಲ್ ಬಂದು ಕೇಳಬೇಕು. ಯಾವ ಮೆಟ್ಟಿಲ ಮೇಲೆ ನಿಂತು ಆ ಮಾತು ಹೇಳಿದನೋ ಅದೇ ಮೆಟ್ಟಿಲ ಮೇಲೆ, ಆರ್ಲನ್‌ನ ಎದುರು, ತಪ್ಪಾಯಿತು ಎಂದು ಹೇಳಿ ಕೇಳಬೇಕು. ಅದು ನನಗಾಗಿ ಅಲ್ಲ. ಹಾಲ್ವರ್‌ಗಾಗಿ.

ಅಲ್ಲಿಯ ತನಕ ನೀರಿನ ತೊಟ್ಟಿ ಖಾಲಿ ಇಡಿ. ಹಿಂದಿನ ಟೈರಿನಲ್ಲಿ ಎಂಬತ್ತು ಪೌಂಡ್ ಗಾಳಿ ಇರಲಿ, ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಬೇಕು. ಐವತ್ತು ಮೈಲಿ ವೇಗ ಮೀರಬೇಡಿ. ಬಿಸಿಲಿನಲ್ಲಿ ಇಳಿಜಾರು ಇಳಿಯಬೇಡಿ. ತಾಸಿಗೊಮ್ಮೆ ನಿಲ್ಲಿಸಿ ಟೈರಿನ ಪಕ್ಕೆಗೆ ಅಂಗೈ ಇಟ್ಟು ನೋಡಿ. ಅಂಗೈ ಇಡಲು ಆಗದಿದ್ದರೆ ಮುಂದೆ ಹೋಗಬೇಡಿ.

ಅಲ್ಮಾ ಟ್ವೆಟನ್


ಒರೆಗಾನ್
ಆಗಸ್ಟ್ 14, 2009

ಅತ್ತೆಗೆ,

ನಿಮ್ಮ ಕಾಗದವನ್ನು ಲೈಲ್ ಓದಿದ. ನಾನು ಮೇಜಿನ ಮೇಲೆ ಬಿಟ್ಟಿದ್ದೆ. ಪೂರ್ತಿ ಮರೆತು ಬಿಟ್ಟಿದ್ದೂ ಅಲ್ಲ.

ನಿಮ್ಮ ಲೆಕ್ಕ ಓದುವಾಗ ಅವನ ಮುಖ ಸಡಿಲವಾಯಿತು. "ನೋಡು, ತೋಳು ಬೆಸುಗೆ ಹಾಕಿದ್ದಾನಂತೆ ಆರ್ಲನ್" ಎಂದು ನಕ್ಕ. ಆಮೇಲೆ "ಬಂದು ಕೇಳಬೇಕು" ಎಂಬಲ್ಲಿಗೆ ಬಂದ. ಮಡಿಸಿ ಕೊಟ್ಟ. "ಗಾಡಿಗೆ ಬೆಲೆ ಇಟ್ಟಿದ್ದಾಳೆ. ಕೊಡೋಕೆ ನನ್ನ ಹತ್ರ ಇಲ್ಲ" ಎಂದ. ಇನ್ನೊಂದು ಮಾತನ್ನೂ ಹೇಳಿದ, ಬರೆಯುವುದಿಲ್ಲ.

ಅತ್ತೆ, ವಾಷಿಂಗ್ಟನ್ ಕಡೆ ಆ್ಯಪಲ್ ತೋಟವೊಂದರಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿದೆ. ಸೆಪ್ಟೆಂಬರ್ ಒಂದಕ್ಕೆ ಅಲ್ಲಿರಬೇಕು, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಮಧ್ಯೆ ಬೆಟ್ಟ ದಾಟಬೇಕು. ಅಂಗೈ ಇಟ್ಟು ನೋಡಿ ಎಂದಿದ್ದಿರಿ. ಇಡಲಾಗುವುದಿಲ್ಲ. ಸಮತಟ್ಟು ರಸ್ತೆಯಲ್ಲೇ ಇಡಲಾಗುವುದಿಲ್ಲ.

ಮಾತಿಲ್ಲದೆ ಗಾಡಿಯನ್ನು ಆರ್ಲನ್ ಕೈಲಿ ಕಳಿಸಿಬಿಡಿ. ಅವನು ಬಂದರೆ ಲೈಲ್ ಬೇಡ ಎನ್ನಲಾರ. ಅಣ್ಣನ ಎದುರು ಅವನಿಗೆ ಹಟ ಇಲ್ಲ. ನಾವು ಇಪ್ಪತ್ತೇಳರ ತನಕ ಇಲ್ಲೇ ಕಾಯುತ್ತೇವೆ. ನಾನು ಕೇಳುತ್ತಿದ್ದೇನೆ. ನನ್ನ ಕೇಳುವಿಕೆ ಸಾಲದೇ?

ನೋರೀನ್


ಆಲ್ಡರ್ ಬೆಂಚ್
ಆಗಸ್ಟ್ 22, 2009

ನೋರೀನ್,

ಇಲ್ಲಿ ಕಟಾವು ನಡೆದಿದೆ. ಬೆಳಗಿನಿಂದ ಕಟ್ಟೆಯ ಮುಂದೆ ಲಾರಿ ಸಾಲು ರಸ್ತೆಯ ತನಕ ನಿಂತಿದೆ. ಆರ್ಲನ್‌ನನ್ನು ನಾಲ್ಕು ದಿನ ಬಿಟ್ಟುಕೊಡಲು ಆಗುವುದಿಲ್ಲ. ಸೆಪ್ಟೆಂಬರ್ ಐದರ ಹೊತ್ತಿಗೆ ಮುಗಿಯುತ್ತದೆ. ತೋಟದವರಿಗೆ ಒಂದು ವಾರ ತಡವಾಗುತ್ತದೆ ಎಂದು ಹೇಳಿ. ಹಣ್ಣು ಮರದಲ್ಲೇ ಇರುತ್ತದೆ.

ಮೆಟ್ಟಿಲ ಮೇಲೆ ನಿಲ್ಲುವುದು ಬೇಡ. ನಾನು ಕಲ್ಲಲ್ಲ. ಲೈಲ್ ತನ್ನ ಕೈಯಾರೆ ಒಂದು ಸಾಲು ಬರೆದು ಕಳಿಸಲಿ. ನಿನ್ನ ಅಕ್ಷರ ಬೇಡ, ಅವನದು ಬೇಕು. ಅದು ಬಂದ ದಿನ ಕಟಾವು ಮುಗಿಯಲಿ ಬಿಡಲಿ ಗಾಡಿ ಹೊರಡುತ್ತದೆ.

ಅಲ್ಮಾ ಟ್ವೆಟನ್


ಯಾಕಿಮಾ ಕಣಿವೆ, ವಾಷಿಂಗ್ಟನ್
ಸೆಪ್ಟೆಂಬರ್ 9, 2009

ಮಿಸೆಸ್ ಟ್ವೆಟನ್ ಅವರಿಗೆ,

ನಿಮ್ಮ ಕಾಗದ ಇಪ್ಪತ್ತಾರಕ್ಕೆ ಬಂತು. ಲೈಲ್‌ಗೆ ತೋರಿಸಿದೆ. ಅವನು ಪೆನ್ನು ತೆಗೆದುಕೊಂಡ. "ಅಮ್ಮ" ಎಂದು ಬರೆದ. ಅದರ ಮುಂದೆ ಅರ್ಧ ಗಂಟೆ ಕೂತ. ಆಮೇಲೆ ಎದ್ದು ಹೊರಗೆ ಹೋಗಿ ಟೈರಿಗೆ ಗಾಳಿ ತುಂಬಿದ.

ಇಪ್ಪತ್ತೆಂಟರ ಬೆಳಿಗ್ಗೆ ಹೊರಟೆವು. ಬ್ಲೂ ಬೆಟ್ಟಗಳ ತುದಿ ತಲುಪಿದಾಗ ಬಿಸಿಲೇರಿತ್ತು. ಟೈರು ವಾಸನೆ ಹೊಡೆಯುತ್ತಿತ್ತು. ನಾನು, "ನಾನೂ ಟಿಪ್ಪೂ ಇಳೀತೀವಿ, ಇನ್ನೂರೈದು ಪೌಂಡಾದ್ರೂ ಕಮ್ಮಿ ಆಗ್ಲಿ" ಎಂದೆ. ನಿಮ್ಮ ಕಾಗದಗಳಿಂದ ಕಲಿತದ್ದು. ಅವನು, "ನಿಂಗೂ ಅವಳ ಹುಚ್ಚು ಹಿಡೀತಾ?" ಎಂದ. ಆದರೂ ನಿಲ್ಲಿಸಿದ. ಖಾಲಿ ಆ್ಯಪಲ್ ಪೆಟ್ಟಿಗೆ ಹೊತ್ತು ಹೋಗುತ್ತಿದ್ದ ಲಾರಿಯ ಮುದುಕ ನಮ್ಮಿಬ್ಬರನ್ನು ಹತ್ತಿಸಿಕೊಂಡ. ಲೈಲ್ ಮುಂದೆ, ನಾವು ಹಿಂದೆ.

ಹಾಗಾಗಿ ನಾನು ಎಲ್ಲವನ್ನೂ ನೋಡಿದೆ. ಮೂರನೆಯ ತಿರುವಿನಲ್ಲಿ ಬಲಗಡೆಯ ಹಿಂದಿನ ಟೈರು ಒಡೆಯಿತು. ಸದ್ದು ಲಾರಿಯೊಳಗೂ ಕೇಳಿತು. ಗಾಡಿಯ ಹಿಂಭಾಗ ಒಮ್ಮೆ ಅತ್ತ, ಒಮ್ಮೆ ಇತ್ತ ಹೋಯಿತು. ಕ್ಯಾಂಪರ್ ಕಟ್ಟು ಕಿತ್ತುಕೊಂಡು ಇಳಿಜಾರಿಗೆ ಹೋಯಿತು. ಪಿಕಪ್ ಬಂಡೆಗೆ ಹೋಗಿ ನಿಂತಿತು. ಲಾರಿಯ ಮುದುಕ, "ತಾಯಿ, ನೋಡ್ಬೇಡ" ಎನ್ನುತ್ತಲೇ ಇದ್ದ. ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನಮ್ಮ ರಜಾಯಿ, ಫೋಟೋಗಳನ್ನು ಆರಿಸಿ ತಂದು ದಂಡೆಯಲ್ಲಿ ಇಟ್ಟರು. ಒಬ್ಬಾಕೆ ಒಡೆಯದ ತಟ್ಟೆಯೊಂದನ್ನು ತನ್ನ ಲಂಗದಲ್ಲಿ ಒರೆಸಿ ಕೊಟ್ಟಳು.

ಲೈಲ್ ಬದುಕಿದ್ದಾನೆ. ಸೊಂಟದ ಎಲುಬು ಮುರಿದಿದೆ, ಬಲ ಮುಂಗೈ ಮುರಿದಿದೆ. ನಡೆಯುತ್ತಾನಂತೆ, ಭಾರ ಎತ್ತುವ ಕೆಲಸ ಇನ್ನಿಲ್ಲವಂತೆ. ನೀವು ಬರುವುದು ಬೇಡ ಎಂದು ಹೇಳಲು ಹೇಳಿದ್ದಾನೆ.

ನೋರೀನ್ ಟ್ವೆಟನ್


ಆಲ್ಡರ್ ಬೆಂಚ್
ಸೆಪ್ಟೆಂಬರ್ 15, 2009

ನೋರೀನ್,

ಆರ್ಲನ್ ನಾಳೆ ಬೆಳಿಗ್ಗೆ ಪಿಕಪ್ ತೆಗೆದುಕೊಂಡು ಹೊರಡುತ್ತಾನೆ. ಕಾಗದಪತ್ರ ಲೈಲ್‌ನ ಹೆಸರಿಗೆ ಬರೆಸಿ ಮುಂದಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಯಾವ ಸಾಲೂ ಬೇಡ.

ನೀನು ಇಳಿದದ್ದು ಒಳ್ಳೆಯದಾಯಿತು.

ಅಲ್ಮಾ


ಯಾಕಿಮಾ ಕಣಿವೆ
ಅಕ್ಟೋಬರ್ 1, 2009

ಮಿಸೆಸ್ ಟ್ವೆಟನ್ ಅವರಿಗೆ,

ಗಾಡಿ ಹಿಂದಕ್ಕೆ ಬಂದಿರಬೇಕು. ಏನು ನಡೆಯಿತೆಂದು ಆರ್ಲನ್ ಹೇಳಿರಲಾರ, ಅವನು ಮಾವನವರ ಹಾಗೆ. ನಾನು ಹೇಳುತ್ತೇನೆ.

ಅಣ್ಣ ತಮ್ಮ ಚೆನ್ನಾಗಿಯೇ ಇದ್ದರು. ಊಟ ಮಾಡಿದರು. ಆರ್ಲನ್ ಬೀಗದಕೈ ಮೇಜಿನ ಮೇಲೆ ಇಟ್ಟಾಗ ಲೈಲ್ ಅದನ್ನು ಮುಟ್ಟಲಿಲ್ಲ.

"ಏನು ಹೇರ್ಲಿ ಅದ್ರ ಮೇಲೆ?" ಎಂದ.

"ಲೈಲ್, ಅಮ್ಮ ಕಳ್ಸಿದ್ದಾಳೆ ಕಣೋ."

"ಗೊತ್ತು. ಒಳ್ಳೆ ಗಾಡಿ. ಹಿಂದ್ಗಡೆ ಖಾಲಿ ಇದ್ರೆ ಇಳಿಜಾರಲ್ಲಿ ಕುಣೀತದೆ, ಅಪ್ಪ ಯಾವಾಗ್ಲೂ ಹೇಳ್ತಿದ್ದ. ಹತ್ತು ಪೆಟ್ಟಿಗೆ ಆ್ಯಪಲ್ ಹಾಕ್ಕೊಂಡು ಹೋಗು. ಉಡುಗೊರೆ ಅಂತ ಹೇಳ್ಬೇಡ. ಭಾರಕ್ಕೆ."

ಆರ್ಲನ್ ಅಂಗಳದಲ್ಲಿ ಪೆಟ್ಟಿಗೆ ಹೇರುವಾಗ ಲೈಲ್ ಕಿಟಕಿಯಲ್ಲಿ ಊರುಗೋಲು ಹಿಡಿದು ನಿಂತು, ಹಿಂದಿನ ಆಕ್ಸಲ್‌ಗೆ ಹತ್ತಿರವಾಗಿ ಇಡು, ಇನ್ನೂ ಮುಂದಕ್ಕೆ, ಎಂದು ಹೇಳುತ್ತಲೇ ಇದ್ದ.

ತೋಟದವರು ಹಣ್ಣು ಕೀಳುವವರ ಒಂದು ಕೋಣೆಯನ್ನು ಹಿಮ ಬೀಳುವ ತನಕ ಕೊಟ್ಟಿದ್ದಾರೆ. ನಾನು ಹಣ್ಣು ವಿಂಗಡಿಸುತ್ತೇನೆ. ಹಿಮ ಬಿದ್ದ ಮೇಲೆ ಎಲ್ಲಿ ಎಂಬುದು ಗೊತ್ತಿಲ್ಲ, ಅದನ್ನು ನಿಮಗೆ ಬರೆಯುವುದೂ ಇಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಆದರೂ, ಮೊದಮೊದಲು ನಿಮಗೆ ಏನೂ ಗೊತ್ತಿರಲಿಲ್ಲ, ಹಾಗಾಗಿ ಅರ್ಧ ತಪ್ಪು ಬಾಯಿ ಬಿಡದ ನಮ್ಮದು ಎಂದು ಲೈಲ್‌ಗೆ ಹೇಳುತ್ತಿರುತ್ತೇನೆ. ಇನ್ನು ನನಗೆ ಬರೆಯಬೇಡಿ. ಬರೆಯುವುದಿದ್ದರೆ ನಿಮ್ಮ ಮಗನಿಗೆ ಬರೆಯಿರಿ.

ನೋರೀನ್


ಆಲ್ಡರ್ ಬೆಂಚ್
ಅಕ್ಟೋಬರ್ 9, 2009

ಲೈಲ್,

ಆ್ಯಪಲ್ ಕೆಡದೆ ಬಂದವು. ಆರ್ಲನ್‌ನ ಮಕ್ಕಳು ತಿನ್ನುತ್ತಿದ್ದಾರೆ. ನಾನು ತಿಂದಿಲ್ಲ.

ಹನ್ನೊಂದು ವರ್ಷದಲ್ಲಿ ನಿನ್ನ ಹೆಸರಿಗೆ ಬರೆದ ಮೊದಲ ಕಾಗದ ಇದು. ನೀನು ಒಡೆಯುವುದಿಲ್ಲ ಎಂದು ಇಷ್ಟು ದಿನ ಹೇಳಿಕೊಂಡು ಬಂದೆ. ನಿಜ ಹೇಳಬೇಕೆಂದರೆ ನಾನು ಬರೆದೇ ಇರಲಿಲ್ಲ.

ಈಸ್ಟರ್ ದಿನ ಟೈರು ನೋಡಲು ಹೊರಗೆ ಹೋಗಿದ್ದೆ ಎಂದು ನೋರೀನ್‌ಗೆ ಬರೆದೆ. ಟೈರು ನೋಡಿದ್ದು ನಿಜ. ಅದಾದ ಮೇಲೆ ಕ್ಯಾಂಪರಿನ ಹಿಂಬಾಗಿಲು ಎಳೆದೆ, ಬೀಗ ಇರಲಿಲ್ಲ. ಒಳಗೆ ಹೋದೆ. ನಿಮ್ಮ ಅಡಿಗೆಮನೆಯ ಗಡಿಯಾರವನ್ನು ನೀನು ಒಲೆಯ ಮೇಲ್ಗಡೆ ಸ್ಕ್ರೂ ಹಾಕಿ ಕೂರಿಸಿದ್ದೆ. ಅದರ ಕೆಳಗೆ ನಿಮ್ಮ ಮನೆಬಾಗಿಲಿನ ಹಿತ್ತಾಳೆಯ ನಂಬರು, 417, ಬಾಗಿಲಿನ ಬಣ್ಣದ ಚಕ್ಕೆ ಇನ್ನೂ ಅದಕ್ಕೆ ಅಂಟಿತ್ತು. ಮೀನು ಹಿಡಿಯಲು ಹೋಗುವವರು ಮನೆಯ ನಂಬರನ್ನು ಕಿತ್ತುಕೊಂಡು ಹೋಗುವುದಿಲ್ಲ. ನಿಮ್ಮ ಮಂಚದ ಮೇಲೆ ಕೂತೆ. ಬೇಕಾದಷ್ಟು ಹೊತ್ತು ಕೂತೆ. ಷೆಡ್ಡಿನ ಬಾಗಿಲು ತೆರೆದಿದ್ದೂ ಅಲ್ಲಿಂದ ಕಾಣುತ್ತಿತ್ತು, ನೀನು ಮುಚ್ಚುವುದನ್ನು ಮರೆತಿದ್ದೆ. ನೀನು ಏನು ಕೇಳಲು ಬಂದಿದ್ದೀಯ ಎಂಬುದೂ ತಿಳಿಯಿತು.

ಆಮೇಲೆ ಕೆನೆ ತೆಗೆದುಕೊಂಡು ಒಳಗೆ ಬಂದು, ಒಂದು ಮೊಳೆಯೂ ಹೋಗಲ್ಲ ಎಂಬ ಆ ಮಾತು ಹೇಳಿದೆ. ಗೊತ್ತಿದ್ದೇ ಹೇಳಿದೆ. ಸುಲಭವಾಗಿ ಕೇಳಬಾರದು, ಎಲ್ಲರೆದುರು ತಲೆ ತಗ್ಗಿಸಿ ಕೇಳಲಿ, ಆಗ ಕೊಡೋಣ ಎಂದುಕೊಂಡೆ. ಕೊಡಬಾರದು ಎಂದು ಅಂದುಕೊಳ್ಳಲಿಲ್ಲ. ನೀನು ಆಲೂಗಡ್ಡೆ ಹಾಕಿಕೊಂಡೆ. ಅಲ್ಲಿಂದ ಮುಂದೆ ಮೂರು ತಿಂಗಳು, ಒಂದೊಂದು ಕಾಗದದಲ್ಲೂ, ಈಗ ಬಾಯಿ ಬಿಡುತ್ತಾರೆ, ಈಗ ಬಿಡುತ್ತಾರೆ ಎಂದು ಕಾದೆ. ಜಾಡಿ ತೆಗೆ, ಕೋಟು ತೆಗೆ ಎಂದು ಬರೆದದ್ದೂ ಅದಕ್ಕೇ.

ನೋರೀನ್ ನನಗೆ ಗೊತ್ತಿರಲಿಲ್ಲ ಎಂದು ನಂಬಿದ್ದಾಳೆ. ಅರ್ಧ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಾಳೆ. ಅದು ಅವಳದಲ್ಲ. ಇದನ್ನು ಅವಳಿಗೆ ಓದಿ ಹೇಳು. ನನಗೆ ಬರೆಯಬೇಡಿ ಎಂದಿದ್ದಾಳೆ, ಹಾಗಾಗಿ ನಾನೇ ಹೇಳಲು ದಾರಿ ಇಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಅಮ್ಮ